ಹಿಂದಿನ ಬ್ರೇಕಿಗೆ ಸುಸ್ತು

“ಭಾನುವಾರದ ರೇಸಿಗೆ ನಾನೇ ಇಳೀತೀನಿ!”

ಮಾವನ ಮನೆಯ ಪಂಕ್ತಿಯಲ್ಲಿ ಮುನಿರಾಜ ಹೀಗೆ ಘೋಷಿಸಿದಾಗ, ಬಡಿಸುತ್ತಿದ್ದ ಅತ್ತೆ ಬಾಲಮ್ಮನವರ ಸೌಟು ಗಾಳಿಯಲ್ಲೇ ನಿಂತಿತು.

ಕಾರಣವಿತ್ತು. ಕೆ.ಆರ್. ಪುರದಾಚೆ ಮಾವನ ಖಾಲಿ ಜಮೀನಿನಲ್ಲಿ ಭಾಮೈದ ನಿತೀಶ ಮಣ್ಣಿನ ಟ್ರ್ಯಾಕ್ ಮಾಡಿ, ಸುತ್ತಲಿನ ಹುಡುಗರನ್ನೆಲ್ಲ ರೇಸಿಗೆ ಕರೆದು, ತಾನೇ ಬಿದ್ದು ಕೈ ಮುರಿದುಕೊಂಡಿದ್ದ. ಅವನ ಎಟಿವಿ, ಅಂದರೆ ದಪ್ಪ ಟೈರಿನ ನಾಲ್ಕು ಚಕ್ರದ ರೇಸ್ ಬೈಕು, ಸವಾರನಿಲ್ಲದೆ ನಿಂತಿತ್ತು. ನಮ್ಮದೇ ಜಮೀನು, ನಮ್ಮದೇ ರೇಸು, ನಮ್ಮದೇ ಗಾಡಿ ಇಲ್ಲವೆಂದರೆ ಮಾವ ಊರಲ್ಲಿ ತಲೆಯೆತ್ತುವುದು ಹೇಗೆ?

“ನಿಮಗೆ ಬರುತ್ತೇನ್ರೀ?” ಎಂದಳು ಹೆಂಡತಿ ಯಮುನಾ.

“ದಿನಾ ಇಂದಿರಾನಗರದ ಟ್ರಾಫಿಕ್ಕಲ್ಲಿ ಸ್ಕೂಟರ್ ಓಡ್ಸಿ ಆಫೀಸಿಗೆ ಹೋಗೋನು ಕಣೇ ನಾನು! ಮಣ್ಣು ಯಾವ ಲೆಕ್ಕ?”

ಅಭ್ಯಾಸ ಶುರುವಾಯಿತು. ಮೊದಲ ಸುತ್ತಿನಲ್ಲಿ ಹಿಂದಿನ ಬ್ರೇಕು ಬಿಗಿಯಾಗಿತ್ತು. ಆಮೇಲೆ ಸುಟ್ಟ ವಾಸನೆ! ಪೆಡಲು ಮುದ್ದೆಯೊಳಗೆ ಬೆರಳಿಟ್ಟಂತೆ ಮೆತ್ತಗೆ ಇಳಿಯಿತು. ಗಾಡಿ ಪರಮ ಗಾಂಭೀರ್ಯದಿಂದ ಮಾವನ ದಂಟಿನ ಸೊಪ್ಪಿನ ಮಡಿಯನ್ನು ಪ್ರವೇಶಿಸಿತು.

“ಬ್ರೇಕ್ ಫೇಡ್!” ಮುನಿರಾಜ ಸೊಪ್ಪಿನ ನಡುವಿನಿಂದಲೇ ತೀರ್ಪಿತ್ತ. “ಬ್ರೇಕು ಕಾದು ಹಿಡಿತ ಬಿಟ್ಟಿದೆ. ಗಾಡೀದೇ ಪ್ರಾಬ್ಲಂ.”

“ನಾನು ಓಡಿಸ್ವಾಗ ಹೀಗೆ ಆಗ್ತಿರ್ಲಿಲ್ವಲ್ಲ ಭಾವ?”

“ನೀನು ಗಮನಿಸಿಲ್ಲ ಬಿಡು.”

ಆಫೀಸಿಗೆ ಹೊಟ್ಟೆನೋವೆಂದು ಹೇಳಿ ಶಿವಾಜಿನಗರದ ಬಿಡಿಭಾಗದ ಅಂಗಡಿಗಳಿಗೆ ಓಡಿದ. ಹೊಸ ಬ್ರೇಕ್ ಪ್ಯಾಡು, ಹೊಸ ಬ್ರೇಕ್ ಆಯಿಲು ಬಂದವು. ಮನೆಯಂಗಳದಲ್ಲಿ ಮಹಾಶಸ್ತ್ರಚಿಕಿತ್ಸೆ! ಹಳೆ ಆಯಿಲಿನ ಜೊತೆ ಒಳಗಿನ ಗಾಳಿಯನ್ನೂ ಹೊರಹಾಕಬೇಕು. ಅದಕ್ಕೆ ಒಬ್ಬರು ಪೆಡಲ್ ಒತ್ತಬೇಕು, ಒಬ್ಬರು ನಟ್ಟು ತಿರುವಬೇಕು. ಪೆಡಲಿಗೆ ಯಮುನಾ, ನಟ್ಟಿಗೆ ಮುನಿರಾಜ.

“ಒತ್ತು!”

“ಒತ್ತಿದೆ.”

“ಹಿಡ್ಕೋ!”

“ಹಿಡ್ಕೊಂಡಿದೀನಿ.”

ಮದುವೆಯಾದ ಮೇಲೆ ಯಮುನಾ ತನ್ನ ಮಾತನ್ನು ಇಷ್ಟು ಚೆನ್ನಾಗಿ ಕೇಳಿದ್ದು ಇದೇ ಮೊದಲೆಂದು ಮುನಿರಾಜ ಪುಳಕಗೊಂಡ. “ಬಿಡು!”

ಅವಳು ಬಿಟ್ಟಳು. “ನಟ್ಟು ಟೈಟ್ ಮಾಡಿದ್ರಾ?”

ಮಾಡಿರಲಿಲ್ಲ. ಹೊರಗಟ್ಟಿದ್ದ ಗಾಳಿಯೆಲ್ಲ ಸಂಸಾರಸಮೇತ ಒಳಗೆ ವಾಪಸು!

“…ಮತ್ತೆ ಒತ್ತು.”

ಅಷ್ಟರಲ್ಲಿ ಬಾಲಮ್ಮನವರ ಕೂಗು: “ಅಯ್ಯೋ, ಅಳಿಯಂದ್ರೇ! ಅದು ನನ್ನ ತುಪ್ಪದ ಗಿಂಡಿ!” ಹಳೆ ಆಯಿಲು ಅದರಲ್ಲೇ ಹೊಂಬಣ್ಣದಿಂದ ಹೊಳೆಯುತ್ತಿತ್ತು.

ಶನಿವಾರ ಸಂಜೆ ಕೊನೆಯ ಪರೀಕ್ಷೆ. ಮುನಿರಾಜ ಹೆಲ್ಮೆಟ್ ಧರಿಸಿ, ಎಂಜಿನನ್ನು ಇಡೀ ಹೋಬಳಿಗೆ ಕೇಳುವಂತೆ ಅರಚಿಸುತ್ತಾ ಹೊರಟ. ಮತ್ತೆ ವಾಸನೆ! ಮತ್ತೆ ಮೆತ್ತನೆಯ ಪೆಡಲು! ಪಾಪ, ಉಳಿದಿದ್ದ ಸೊಪ್ಪೂ ನೆಲಸಮವಾಯಿತು.

“ಇದು ರಿಪೇರಿ ಆಗೋ ಗಾಡಿ ಅಲ್ಲ! ರೇಸು ಕ್ಯಾನ್ಸಲ್ ಮಾಡ್ಬಿಡಿ!” ಎಂದು ಸಾರಿದ.

ಮಾವನ ಮುಖ ಬಾಡಿತು. ಯಮುನಾ ಬ್ರೇಕು ತಣ್ಣಗಾಗುವವರೆಗೆ ಕಾದು, ದುಪಟ್ಟಾ ಸೊಂಟಕ್ಕೆ ಬಿಗಿದು ಗಾಡಿ ಹತ್ತಿದಳು. ದೂಳೆದ್ದಿತು. ಸುತ್ತಿನ ಮೇಲೆ ಸುತ್ತು ಹೊಡೆದು ಬಂದು ಗಂಡನ ಕಾಲ್ಬೆರಳಿನ ಮುಂದೆಯೇ ಗಕ್ಕನೆ ನಿಲ್ಲಿಸಿದಳು.

“ಬ್ರೇಕು ಕಲ್ಲಿನ ಥರ ಇದೆ. ನೀವು ಶುರುವಿಂದ ಕೊನೆವರೆಗೂ ಪೆಡಲ್ ಮೇಲಿಂದ ಕಾಲೇ ತೆಗ್ದಿಲ್ಲ. ಕಾದು ಕಾದು ಸುಸ್ತಾಗ್ದೆ ಇನ್ನೇನಾಗುತ್ತೆ?”

ನಿತೀಶ ಒಂಟಿ ಕೈಯಲ್ಲೇ ಭಾವನ ಹೆಲ್ಮೆಟ್ ಕಸಿದು ಅವಳಿಗೆ ಕೊಟ್ಟ. “ಅಕ್ಕಾ, ನಾಳೆ ನೀನೇ!”

ಮುನಿರಾಜ ಕೊನೆಯ ವಾದ ಹೂಡಿದ. “ಸುಮ್ನೆ ಹೇಳ್ಬೇಡ! ಅಷ್ಟು ಸ್ಪೀಡಲ್ಲಿ ಹೋಗೋವಾಗ ನನ್ನ ಕಾಲು ಎಲ್ಲಿತ್ತು ಅಂತ ನಿನಗೆ ಹೇಗೆ ಕಾಣುತ್ತೆ?”

“ಸ್ಪೀಡಾ? ಪಕ್ಕದಲ್ಲೇ ನಡ್ಕೊಂಡು ಬರ್ತಿದ್ದೆ ರೀ. ನೀವು ಕಣ್ಣು ಬಿಟ್ಟಿದ್ರೆ ಕಾಣ್ತಿದ್ದೆ!”