ಮೇಲಿನಿಂದ ಮೊದಲನೆಯ ತಂತಿ

ದುಡುಕಿ ಏನನ್ನೂ ಮಾಡುವವನಲ್ಲ ನಾನು. ಎಸ್ಸೆಸ್ಸೆಲ್ಸಿ ಪಾಸಾದವನು. ಹೆಂಡತಿಯ ಮಾತಿನಂತೆ ನಡೆಯದಿದ್ದರೂ ಅದನ್ನು ಕೊನೆಯವರೆಗೆ ಕೇಳಿಸಿಕೊಳ್ಳುವಷ್ಟು ಸಭ್ಯ. ಆದ್ದರಿಂದ ನನ್ನ ಬೇಸ್ ಗಿಟಾರನ್ನು ಕೊಟ್ಟು ಇನ್ನೊಂದನ್ನು ತೆಗೆದುಕೊಳ್ಳುವುದೋ ಬೇಡವೋ ಎಂಬ ಪ್ರಶ್ನೆ ಎದುರಾದಾಗ, ಅದನ್ನು ಸಾಕಷ್ಟು ಗಂಭೀರವಾಗಿಯೇ ವಿಚಾರಣೆಗೆ ಎತ್ತಿಕೊಂಡೆ. ತೀರ್ಪೂ ನನ್ನದೇ. ಶಿಕ್ಷೆಯೂ ನನಗೇ ಆಗಿದ್ದರೆ ಈ ಬರಹದ ಅಗತ್ಯವಿರಲಿಲ್ಲ.

ಬೇಸ್ ಗಿಟಾರ್ ಎಂದರೇನು ಎಂದು ಹೇಳಿಬಿಡುತ್ತೇನೆ, ಬಹಳ ಜನರಿಗೆ ಗೊತ್ತಿರುವುದಿಲ್ಲ. ಮದುವೆಯ ಆರ್ಕೆಸ್ಟ್ರಾದಲ್ಲಿ ಹಾಡುವವರು, ಕೀಬೋರ್ಡಿನವರು, ಡ್ರಮ್ಮಿನವರು, ಇವರೆಲ್ಲರ ಹಿಂದೆ ಪರದೆಗೆ ಆನಿಕೊಂಡು ಒಬ್ಬ ದಪ್ಪ ದಪ್ಪ ತಂತಿ ಮೀಟುತ್ತ ನಿಂತಿರುತ್ತಾನಲ್ಲ, ಅವನ ಕೈಯಲ್ಲಿರುವುದೇ ಅದು. ಅದರ ಸ್ವರ ತೀರ ಕೆಳಗಿನದು. ಕಿವಿಗಿಂತ ಹೊಟ್ಟೆಗೆ ಹೆಚ್ಚು ಗೊತ್ತಾಗುತ್ತದೆ. ಮದುವೆಮನೆಯಲ್ಲಿ ಹೊಟ್ಟೆಗೆ ಬೇರೆ ಕೆಲಸ ಇರುವುದರಿಂದ ಯಾರೂ ಗಮನ ಕೊಡುವುದಿಲ್ಲ. ಪ್ರಾಯದಿಂದ ಬಾರಿಸುತ್ತ ಬಂದಿದ್ದೇನೆ. ಈವರೆಗೆ ವೇದಿಕೆಯ ಮೇಲೆ ನನ್ನನ್ನು ಉದ್ದೇಶಿಸಿ ಯಾರಾದರೂ ಮಾತಾಡಿದ್ದರೆ ಅದು ಫೋಟೋದವನು. "ಯಜಮಾನ್ರೇ, ಸ್ವಲ್ಪ ಸರೀರಿ."

ಈ ಸಂಕಟವೇ ನನ್ನನ್ನು ಕೆಡಿಸಿತು. ಹರಿಹರದಲ್ಲಿ ಮಂಜಪ್ಪ ಎಂಬುವರ ಹತ್ತಿರ ಐದು ತಂತಿಯ ಬೇಸ್ ಗಿಟಾರ್ ಇದೆ, ನಾಲ್ಕು ತಂತಿಯದು ಸಿಕ್ಕರೆ ಬದಲಿಗೆ ಕೊಡುತ್ತಾರಂತೆ ಎಂದು ಸುದ್ದಿ ಬಂತು. ನನ್ನದು ನಾಲ್ಕು ತಂತಿಯದು. ಒಂದು ತಂತಿ ಹೆಚ್ಚಾದರೆ ನಾನೂ ಒಂದಿಷ್ಟು ಹೆಚ್ಚು ಕೇಳಿಸಿಯೇನು ಎನಿಸಿತು.

ಹೆಂಡತಿ ಗೌರಮ್ಮನನ್ನೂ ಕರೆದುಕೊಂಡು ಹೋದೆ. ದೇವಸ್ಥಾನ ನೋಡಿದಂತಾಯಿತು, ಸಾಕ್ಷಿಯೂ ಆಯಿತು.

ಮಂಜಪ್ಪ ಕಾರ್ಖಾನೆಯಿಂದ ನಿವೃತ್ತರಾದ ಮೇಲೆ ಹೊತ್ತು ಹೋಗಲೆಂದು ಗಿಟಾರ್ ಕಲಿಯಲು ಹೊರಟವರು. ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ ತಟ್ಟೆ ಮುಂದಿಟ್ಟು ಪ್ರಾಮಾಣಿಕವಾಗಿ ಹೇಳಿದರು: "ನನಗೆ ಈ ಐದು ತಂತಿ ಲೆಕ್ಕ ಹತ್ತವಲ್ದು ನೋಡ್ರಿ. ಮೇಲೊಂದು ಹೆಚ್ಚಿಗೆ ಐತಲ್ಲ, ಕೈ ತಪ್ಪಿ ಅದರ ಮೇಲೇ ಹೋಗಿ ಕೂಡ್ತೈತೆ."

ಅಷ್ಟು ಸ್ಪಷ್ಟವಾಗಿ ಎಚ್ಚರಿಸಿದರು, ಪುಣ್ಯಾತ್ಮರು. ನಾನು ಏನು ಮಾಡಿದೆ? ನಕ್ಕೆ. ನಕ್ಕು ಉಪದೇಶ ಮಾಡಿದೆ. "ಅದು ಕೈ ಪಳಗಿದವರಿಗೆ ರೀ. ಕಲಿಯೋರಿಗೆ ನನ್ನ ನಾಲ್ಕು ತಂತಿದೇ ಸರಿ."

ಆಮೇಲೆ ಅವರ ಸ್ಪೀಕರಿಗೆ ಸಿಕ್ಕಿಸಿ ಆ ಹೆಚ್ಚುವರಿ ತಂತಿಯನ್ನು ಮೀಟಿದೆ. ತಟ್ಟೆಯಲ್ಲಿದ್ದ ಮಂಡಕ್ಕಿ ಎದ್ದು ಕುಣಿಯಿತು! ಮತ್ತೆ ಮೀಟಿದೆ, ಮತ್ತೆ ಕುಣಿಯಿತು. ಉಳಿದ ನಾಲ್ಕು ತಂತಿಗಳನ್ನು ಮುಟ್ಟಿಯೂ ನೋಡಲಿಲ್ಲ. ಅವು ನನಗೆ ಗೊತ್ತಿದ್ದವೇ ಅಲ್ಲವೆ?

ಆದರೂ ನಿಷ್ಪಕ್ಷಪಾತ ಪರೀಕ್ಷೆ ಬೇಕಲ್ಲ. ಗೌರಮ್ಮನನ್ನು ಗೋಡೆಯ ಕಡೆ ಮುಖ ಮಾಡಿ ಕೂರಿಸಿ, ಮೊದಲು ನನ್ನ ಗಿಟಾರು, ಆಮೇಲೆ ಅವರದು ಬಾರಿಸಿ, ಯಾವುದು ಚೆನ್ನಾಗಿದೆ ಎಂದು ಕೇಳಿದೆ.

"ಎರಡೂ ಎಮ್ಮಿ ನರಳಿದಂಗೆ ಐತೆ," ಅಂದಳು. "ಎರಡನೇದು ಗಬ್ಬದ ಎಮ್ಮಿ."

ಇದನ್ನು ನಾನು ಒಪ್ಪಿಗೆ ಎಂದು ದಾಖಲಿಸಿಕೊಂಡೆ.

"ದಾದಾಪೀರಣ್ಣಗೆ ಒಂದ್ಮಾತು ಕೇಳಿದ್ರೇನು?" ಎಂದು ಗೋಡೆಯ ಕಡೆಯಿಂದಲೇ ಕೇಳಿದಳು.

ದಾದಾಪೀರ ನಮ್ಮ ಆರ್ಕೆಸ್ಟ್ರಾದ ಯಜಮಾನ, ಹಾಡುಗಾರ. ಹಗಲು ನಮ್ಮೂರ ವಿನೋಬನಗರದಲ್ಲಿ ಪ್ಯಾಂಟು ಹೊಲಿಯುತ್ತಾನೆ. ಸೂಟಿನ ಬಟ್ಟೆಯ ತುಂಡು ಉಳಿದಾಗಲೆಲ್ಲ ಜೋಡಿಸಿ ನನ್ನ ಗಿಟಾರಿಗೆ ಕವರು ಹೊಲಿದುಕೊಟ್ಟವನು. ನನಗಿಂತ ನನ್ನ ಗಿಟಾರೇ ಒಳ್ಳೆಯ ಬಟ್ಟೆ ತೊಡುತ್ತಿತ್ತು.

"ಅವನಿಗೆ ಏನು ಗೊತ್ತಾಗ್ತೈತೆ?" ಅಂದೆ. "ಅವನಾದರೂ ಯಾವತ್ತು ನನ್ನ ಗಿಟಾರು ಕೇಳ್ಯಾನೆ?"

ವಿನಿಮಯ ನಡೆದೇಹೋಯಿತು.

ಮರುವಾರವೇ ಹರಿಹರದಲ್ಲಿ ಮದುವೆ, ಊಟದ ಹೊತ್ತಿಗೆ ನಮ್ಮ ಕಾರ್ಯಕ್ರಮ. ಅಭ್ಯಾಸ ಮಾಡಿಕೊಳ್ಳಲಿಲ್ಲ, ಈಜು ಬಲ್ಲವನು ಹೊಸ ಬಾವಿಗೆಂದು ಬೇರೆ ಕಲಿಯುತ್ತಾನೆಯೆ? ಹೊಸ ಗಿಟಾರು ಹಳೆಯ ಕವರಿನಲ್ಲಿ ಹಿಡಿಯದೆ ತಲೆ ಹೊರಗೆ ಹಾಕಿತು. ಅದಕ್ಕೆ ನನ್ನ ಮಂಕಿ ಟೋಪಿ ತೊಡಿಸಿದೆ. ಬಸ್ಸಿನಲ್ಲಿ ಪಕ್ಕದವರು, "ಮಗುಗೆ ಹುಷಾರಿಲ್ಲೇನ್ರಿ?" ಎಂದು ವಿಚಾರಿಸಿದರು.

ವೇದಿಕೆಯ ಮೇಲೆ ದಾದಾಪೀರ ಕಣ್ಣು ಕಿರಿದು ಮಾಡಿ ನೋಡಿದ. "ಏನ್ ಹಾಲೇಶಣ್ಣ, ಗಿಟಾರಿಗೆ ಬಣ್ಣ ಹೊಡೆಸಿದ್ರಾ?"

"ಹೂಂ," ಅಂದೆ. ಇಳಿವಯಸ್ಸಿನಲ್ಲಿ ಸುಳ್ಳು ಎಷ್ಟು ಚುಟುಕಾಗಿ ಬರುತ್ತದೆ ನೋಡಿ.

ಹಾಡು ಶುರುವಾಯಿತು. ಇಲ್ಲಿ ನನ್ನ ಬೆರಳುಗಳ ವಿದ್ಯಾಭ್ಯಾಸದ ಬಗ್ಗೆ ಹೇಳಬೇಕು. ಅವು ಎಸ್ಸೆಸ್ಸೆಲ್ಸಿ ಅಲ್ಲ, ಒಂದನೇ ಕ್ಲಾಸೂ ಅಲ್ಲ. ಅವಕ್ಕೆ ಸ್ವರದ ಹೆಸರು ತಿಳಿಯದು. ಮೇಲಿನಿಂದ ಮೊದಲನೆಯ ತಂತಿ, ಎರಡನೆಯ ತಂತಿ, ಇಷ್ಟೇ ಗೊತ್ತು. ಮೇಲಿನಿಂದ ಮೊದಲನೆಯದು ಈಗ ಬೇರೆಯೇ ತಂತಿ ಎಂದು ಅವಕ್ಕೆ ಯಾರೂ ಹೇಳಿರಲಿಲ್ಲ. ಮಂಜಪ್ಪ ನನಗೆ ಹೇಳಿದ್ದರು, ನಾನು ಬೆರಳಿಗೆ ದಾಟಿಸಿರಲಿಲ್ಲ. ಹೀಗಾಗಿ ಇಡೀ ಹಾಡನ್ನು ಒಂದು ತಂತಿ ಆಚೆ ಕೂತು, ಸ್ವರಕ್ಕೆ ಸ್ವರ ತಪ್ಪಾಗಿ, ಪೂರ್ಣ ಆತ್ಮವಿಶ್ವಾಸದಿಂದ ಬಾರಿಸಿದೆ.

ಅಷ್ಟೇ ಆಗಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಆದರೆ ಹಾಡುತ್ತಿದ್ದ ದಾದಾಪೀರ ಕೀಬೋರ್ಡಿನ ಸ್ವರ ಬಿಟ್ಟು ನನ್ನ ಸ್ವರದ ಹಿಂದೆ ಬಂದುಬಿಟ್ಟ! ಮೊದಲ ಸಾಲಿಗೆ ಸ್ವಲ್ಪ ತಡವರಿಸಿ, ನಂಬಿಕಸ್ಥನಂತೆ ನಾನು ಇಳಿದಲ್ಲಿಗೇ ಇಳಿದ. ಪ್ರೇಮಗೀತೆ ಪಾತಾಳದಿಂದ ಬರತೊಡಗಿತು. ಕೀಬೋರ್ಡಿನವನು ಕೈ ಎತ್ತಿ ಕೂತ. ಉಣ್ಣುತ್ತಿದ್ದವರು ಹೋಳಿಗೆ ಬಿಟ್ಟು ತಿರುಗಿದರು. ಮದುಮಗಳು ಸೆರಗು ಬಾಯಿಗೆ ಒತ್ತಿಕೊಂಡಳು. ಜನ್ಮದಲ್ಲಿ ಮೊದಲ ಸಲ ಸಭೆ ಪೂರ್ತಿ ನನ್ನ ಗಿಟಾರನ್ನು ಆಲಿಸಿತು.

ಮದುವೆಯ ಹಿರಿಯರೊಬ್ಬರು ಚಪ್ಪಾಳೆ ತಟ್ಟಿ ಬಂದರು. "ಕಾಮಿಡಿ ಐಟಂ ಭಾಳ ಚಲೋ ಮಾಡಿದ್ರಿ."

ಕಾರ್ಯಕ್ರಮ ಮುಗಿಸಿ ಬಸ್ ಸ್ಟ್ಯಾಂಡಿನಲ್ಲಿ ಚಹಾ ಕುಡಿಯುವಾಗ ದಾದಾಪೀರನ ಮುಂದೆ ಎಲ್ಲ ಒಪ್ಪಿಕೊಂಡೆ.

"ಹೇಳಬೇಕಿತ್ತು ಹಾಲೇಶಣ್ಣ."

"ನಿನಗೆ ಗೊತ್ತಾಗೋದಿಲ್ಲ ಅಂದ್ಕಂಡೆ ಮಾರಾಯ. ನನ್ನ ಗಿಟಾರು ಯಾರು ಕೇಳ್ತಾರೆ?"

"ನನಗೆ ಕಿವಿ ಮಂದ ಆಗಿ ವರ್ಷಗಟ್ಟಲೆ ಆತು. ಕೀಬೋರ್ಡು ಸರಿಯಾಗಿ ಕೇಳೋದಿಲ್ಲ, ಯಾರಿಗೂ ಹೇಳಿಲ್ಲ. ನಿಮ್ಮ ಗಿಟಾರು ಒಂದೇ ನೋಡ್ರಿ, ವೇದಿಕೆ ಹಲಗಿ ಮ್ಯಾಲೆ ನಿಂತ್ರೆ ಕಾಲಿಗೆ ಗೊತ್ತಾಗೋದು. ಅದನ್ನ ಹಿಡ್ಕಂಡೇ ಹಾಡ್ತೀನಿ. ಇವತ್ತು ಅನುಮಾನ ಬಂತು. ಆದ್ರೂ ನೀವು ತಪ್ಪೋದಿಲ್ಲ, ನಾನೇ ತಪ್ಪಿರಬೇಕು ಅಂದ್ಕಂಡೆ."

ಊರಿಗೆಲ್ಲ ಕೇಳಿಸಬೇಕೆಂದು ಹೊರಟವನಿಗೆ, ಪಕ್ಕದಲ್ಲೇ ಒಬ್ಬ ಅಂಗಾಲಿನಿಂದ ಕೇಳುತ್ತಿದ್ದಾನೆಂದು ತಿಳಿದಿರಲಿಲ್ಲ. ಕಿವಿ ಮಂದವಾದದ್ದು ಅವನಿಗಾದರೂ ಕಿವುಡ ನಾನೇ. ಈಗ ಅವನೇ ಎಲ್ಲರಿಗೂ ಹೇಳಿಕೊಂಡು ನಗುವುದರಿಂದ ಇಲ್ಲಿ ಬರೆದಿದ್ದೇನೆ.

ಮರುದಿನ ಮಂಜಪ್ಪನವರ ಮನೆಗೆ ಓಡಿದೆ. ಅವರು ನನ್ನ ಗಿಟಾರನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು. "ಈಗ ಲೆಕ್ಕ ಹತ್ತೈತೆ, ವಾಪಸ್ ಕೊಡೋದಿಲ್ರಿ. ಕಲಿಯೋರಿಗೆ ಇದೇ ಸರಿ ಅಂತ ನೀವೇ ಹೇಳಿದ್ರಲ್ಲ."

ಉಪದೇಶ ಮಾಡುವಾಗ ಮನುಷ್ಯ ಸ್ವಲ್ಪ ಜಾಗ ಉಳಿಸಿಕೊಂಡಿರಬೇಕು.

ಕೊನೆಗೆ ಐದು ತಂತಿಯ ಗಿಟಾರಿನಿಂದ ಮೇಲಿನ ತಂತಿಯನ್ನು ಬಿಚ್ಚಿದೆ. ನಾಲ್ಕು ತಂತಿಯ ಹಗುರ ಗಿಟಾರು ಕೊಟ್ಟು ನಾಲ್ಕು ತಂತಿಯ ಭಾರದ ಗಿಟಾರು ತಂದಂತಾಯಿತು. ದಾದಾಪೀರ ಮತ್ತೆ ಅಳತೆ ತೆಗೆದು ಹೊಸ ಕವರು ಹೊಲಿದ. ಬಿಚ್ಚಿದ ತಂತಿಯನ್ನು ಗೌರಮ್ಮ ಅಡುಗೆಮನೆಯಲ್ಲಿ ಎರಡು ಮೊಳೆಗೆ ಬಿಗಿದು ಒರೆಸುವ ಬಟ್ಟೆ ಹಾಕಿದಳು.

ಮೊನ್ನೆ ದಾದಾಪೀರ ಮನೆಗೆ ಬಂದ. "ಹಾಲೇಶಣ್ಣ, ಆ ಮದುವಿ ಹಿರಿಯರು ಫೋನ್ ಮಾಡಿದ್ರು. ಸಾರಥಿ ಅನ್ನೋ ಊರಾಗೆ ಅವರ ಬೀಗರ ಮನ್ಯಾಗೆ ನಾಮಕರಣ. ಹಾಡು ಎಷ್ಟಾದ್ರೂ ಇರ್ಲಿ, ಆ ಕಾಮಿಡಿ ಐಟಂ ಇರ್ಲೇಬೇಕಂತೆ. ಒಪ್ಕಂಡೀನಿ. ಮೇಲಿನ ತಂತಿ ಹಾಕ್ಕಂಡು ಬರ್ರಿ."

ನಾನು ತಲೆ ತಗ್ಗಿಸಿಕೊಂಡು ಅಡುಗೆಮನೆಗೆ ಹೋದೆ.

"ತಡೀರಿ," ಅಂದಳು ಗೌರಮ್ಮ, "ಬಟ್ಟಿ ಒಣಗ್ಲಿ."