ಔಷಧಿ ಅಂಗಡಿಯವನ ದಾಸವಾಳ

ತನ್ನ ಅಂಗಡಿಯ ಸರಕನ್ನು ತಾನೇ ಮನೆಗೆ ಒಯ್ಯದ ವ್ಯಾಪಾರಿಯನ್ನು ಜನ ಅನುಮಾನದಿಂದ ನೋಡುತ್ತಾರೆ. ಮಿಠಾಯಿ ಅಂಗಡಿಯವನು ಮಿಠಾಯಿ ಮುಟ್ಟದಿದ್ದರೆ ಪಾಪ, ಸಕ್ಕರೆ ಕಾಯಿಲೆ ಎಂದು ಸುಮ್ಮನಾಗಬಹುದು. ನಾನು ಕೊಪ್ಪದಲ್ಲಿ ಕೀಟನಾಶಕ ಮಾರುವವನು. ಹುಳ ಎಂಬ ಮಾತು ಗಿರಾಕಿಯ ಬಾಯಿಂದ ಪೂರ್ತಿ ಹೊರಬೀಳುವ ಮೊದಲೇ ಮೇಜಿನ ಮೇಲೆ ಬಾಟಲಿ ಇಡುವವನು. ಅಂಥವನ ಹಿತ್ತಲಿನ ಹಸಿರುಮನೆಗೆ ಇವತ್ತಿನವರೆಗೂ ಒಂದು ಹನಿ ಔಷಧಿ ಹೋಗಿಲ್ಲ. ಹಾಗೆಂದು ಹೇಳಿಕೊಳ್ಳಲು ನನಗೆ ನಾಚಿಕೆಯಿಲ್ಲ. ಹೆಮ್ಮೆಯೇ ಇದೆ, ತುಸು ಜಾಸ್ತಿಯೇ ಇದೆ.

ಹಸಿರುಮನೆ ಎಂದರೆ ಭಾರಿ ಏನಲ್ಲ. ಕೊಪ್ಪಕ್ಕೆ ಮೊಬೈಲು ಬಂದ ವರ್ಷ ಕಬ್ಬಿಣದ ಪೈಪು ನೆಟ್ಟು, ಪ್ಲಾಸ್ಟಿಕ್ ಹೊದಿಸಿ ಅವ್ವನಿಗಾಗಿ ಕಟ್ಟಿದ್ದು. ಅವ್ವ ಎನ್.ಆರ್. ಪುರದ ಕಡೆಯವಳು. ಬೆಳಿಗ್ಗೆ ಸ್ನಾನ ಮಾಡಿ, ಅಂಗೈಯಲ್ಲಿ ಲಿಂಗವಿಟ್ಟುಕೊಂಡು ಹೂವೇರಿಸದೆ ಕಾಫಿ ಕುಡಿದವಳಲ್ಲ. ಮಳೆಗಾಲದಲ್ಲಿ ಹೊರಗಿನ ಹೂವೆಲ್ಲ ಕೊಳೆತುಹೋದಾಗ ಬರೀ ಪತ್ರೆಯಲ್ಲೇ ಸುಧಾರಿಸುತ್ತಿದ್ದಳು, ಆದರೆ ಮುಖ ಸಪ್ಪಗಿರುತ್ತಿತ್ತು. ಅದನ್ನು ನೋಡಲಾರದೆ ಪ್ಲಾಸ್ಟಿಕ್ಕಿನ ಕೆಳಗೆ ಹದಿನೆಂಟು ದಾಸವಾಳದ ಗಿಡ ನೆಟ್ಟೆ. ಅವ್ವ ಒಂದೇ ಷರತ್ತು ಹಾಕಿದಳು. "ನಿನ್ನ ಅಂಗಡಿ ಔಷಧಿ ಇದಕ್ಕೆ ಸೋಕಿದ್ರೆ ನಾನು ಹೂವು ಮುಟ್ಟೋಳಲ್ಲ. ಅಂಗೈ ಮೇಲಿನ ದೇವ್ರಿಗೆ ವಿಷ ಏರಿಸ್ಲಾ?"

ಮಾತು ಕೊಟ್ಟ ಎರಡನೇ ತಿಂಗಳಿಗೆ ಹಿಟ್ಟು ತಿಗಣೆ ಬಂತು. ಕುಡಿಗಳಿಗೆಲ್ಲ ಅಕ್ಕಿಹಿಟ್ಟು ಮೆತ್ತಿದಂತೆ ಬೆಳ್ಳಗೆ. ಮೊಗ್ಗು ಉದುರತೊಡಗಿ ಅವ್ವ ಮತ್ತೆ ಪತ್ರೆಗೇ ಬಂದು ನಿಂತಳು. ಅಂಗಡಿಯ ಕಪಾಟಿನಲ್ಲಿ ಇದಕ್ಕೆಂದೇ ಆರು ಬಗೆಯ ಬಾಟಲಿಗಳಿದ್ದವು, ಅತ್ತ ತಿರುಗಲಿಲ್ಲ. ಅಂಟುವಾಳ ನೆನೆಸಿ ನೊರೆನೀರು ಎರಚಿದೆ. ಇರುವೆ ಹತ್ತದಂತೆ ಬುಡಕ್ಕೆ ಬೂದಿ ಹಾಕಿದೆ. ಹಳೇ ಹಲ್ಲುಜ್ಜುವ ಬ್ರಷ್ಷು ಹಿಡಿದು ಒಂದೊಂದೇ ಎಲೆ ತಿಕ್ಕಿದೆ. ನನ್ನ ಹಲ್ಲನ್ನೂ ನಾನು ಅಷ್ಟು ಶ್ರದ್ಧೆಯಿಂದ ತಿಕ್ಕಿದವನಲ್ಲ. ತಿಗಣೆಗಳ ನಡುವೆ ಕೆಲವು ಬಲು ದಪ್ಪಗಿದ್ದವು, ಮೈತುಂಬ ಬಿಳಿ ಜಡೆ, ನಡಿಗೆಯೂ ಚುರುಕು. ಇವೇ ದಂಡಿನ ನಾಯಕರೆಂದು ತೀರ್ಮಾನಿಸಿ, ಅವನ್ನೇ ಹುಡುಕಿ ಹುಡುಕಿ ನೊರೆನೀರಿನ ಬಾಟಲಿಗೆ ಹಾಕಿದೆ. ಆ ಬಾಟಲಿಯನ್ನು ಅಂಗಡಿಯ ಮೇಜಿನ ಮೇಲಿಟ್ಟು, ಔಷಧಿ ಕೊಳ್ಳಲು ಬಂದವರಿಗೆ ಔಷಧಿಯಿಲ್ಲದೆ ಹುಳ ಕೊಲ್ಲುವ ಬಗ್ಗೆ ಉಪನ್ಯಾಸ ಕೊಡತೊಡಗಿದೆ. "ಹೀಗೇ ಮಾತಾಡ್ತಾ ಇರಿ, ಅಂಗಡಿಗೆ ಬೀಗ ಹಾಕಬಹುದು" ಎಂದಳು ಹೆಂಡತಿ. ವಿಚಿತ್ರವೆಂದರೆ, ನಾಯಕರು ಸತ್ತಷ್ಟೂ ದಂಡು ಬೆಳೆಯುತ್ತಲೇ ಹೋಯಿತು.

ಒಂದು ದಿನ ಮೇಗುಂದದ ಕಾಫಿ ಬೆಳೆಗಾರರಾದ ಸುಬ್ಬೇಗೌಡರು ಮೈಲುತುತ್ತ ಕೊಳ್ಳಲು ಬಂದರು. ಬಾಟಲಿಯನ್ನೆತ್ತಿ ಬೆಳಕಿಗೆ ಹಿಡಿದು ತುಂಬ ಹೊತ್ತು ನೋಡಿದರು.

"ಇದನ್ನ ಯಾರು ಕೊಂದದ್ದು ಮಾರಾಯ್ರೆ?"

"ನಾನೇ" ಎಂದೆ, ಎದೆಯುಬ್ಬಿಸಿ.

"ಎಂತ ಕೆಲಸ ಮಾಡಿದ್ರಿ. ಇದು ತಿಗಣೆ ಅಲ್ಲ, ತಿಗಣೆ ತಿನ್ನೋ ದುಂಬಿಯ ಮರಿ. ತೋಟಕ್ಕೆ ಬಿಡ್ಲಿಕ್ಕೆ ನಾವು ಇದನ್ನ ಡಬ್ಬಿಯಲ್ಲಿ ತರ್ತೇವೆ. ನಿಮ್ಮ ಹಿತ್ತಲಿಗೆ ತಾನಾಗಿ ಹಾರಿ ಬಂದದ್ದನ್ನ ನೀವು ಅಂಟುವಾಳದಲ್ಲಿ ಮುಳುಗಿಸಿ ಇಟ್ಟಿದ್ದೀರಿ."

ಆ ಬಾಟಲಿಯನ್ನು ಮೇಜಿನ ಮೇಲಿಂದ ಎತ್ತಿ ಹಿತ್ತಲಲ್ಲಿ ಹೂತೆ. ಬ್ರಷ್ಷು ಎಸೆದೆ. ನನ್ನ ಕೈಗೆ ಸಿಗದೆ ಬಚಾವಾಗಿದ್ದ ಮರಿಗಳು ತಮ್ಮ ಪಾಡಿಗೆ ತಾವು ಉಂಡು, ಪುಟ್ಟ ಕರಿ ದುಂಬಿಗಳಾಗಿ, ತಮ್ಮ ಸಂಸಾರವನ್ನೂ ಬೆಳೆಸಿದವು. ಕೆಲವು ವಾರಗಳಲ್ಲಿ ಕುಡಿಗಳು ಹಸಿರಾಗಿ ಕೆಂಪು ದಾಸವಾಳ ಅರಳಿತು. ಅವ್ವ ಹೂವನ್ನು ಕಣ್ಣಿಗೊತ್ತಿಕೊಂಡು ಲಿಂಗಕ್ಕೆ ಏರಿಸಿದ್ದನ್ನು ಬಾಗಿಲಲ್ಲಿ ನಿಂತು ನೋಡಿದೆ. ಇಷ್ಟು ವರ್ಷದ ವ್ಯಾಪಾರದಲ್ಲಿ ಅಂಥ ಸಂತೋಷ ನಾನು ಕಂಡಿರಲಿಲ್ಲ.

ಈಗ ಶೃಂಗೇರಿ ಕಡೆಯವರೂ ಬಂದು ನೋಡಿಹೋಗುತ್ತಾರೆ. ಅಂಟುವಾಳ, ಬೂದಿ, ನನ್ನ ತಾಳ್ಮೆ, ಎಲ್ಲವನ್ನೂ ವಿವರವಾಗಿ ಹೇಳುತ್ತೇನೆ. ಹೊತ್ತು ಉಳಿದರೆ ದುಂಬಿಯ ವಿಷಯವನ್ನೂ ಹೇಳುತ್ತೇನೆ. ಮೊನ್ನೆ ನೆಮ್ಮಾರಿನವರೊಬ್ಬರು ನನ್ನ ಮಾತನ್ನೆಲ್ಲ ಕೇಳಿ, "ಒಳಗೆ ಹೋಗಿ ನೋಡಬಹುದಾ?" ಎಂದರು. ನಾನು ಗಂಭೀರವಾಗಿ ಮುಂದೆ ಹೆಜ್ಜೆಯಿಟ್ಟೆ. ಜಗುಲಿಯಲ್ಲಿ ಕೂತಿದ್ದ ಅವ್ವ ಸೊಂಟದಿಂದ ಹಸಿರುಮನೆಯ ಕೀಲಿಕೈ ತೆಗೆದು ಅವರ ಕೈಗೆ ಕೊಟ್ಟಳು.

"ನೀವು ಹೋಗಿ ಬನ್ನಿ. ಇವನನ್ನ ಒಳಗೆ ಬಿಡೋದು ನಿಲ್ಲಿಸಿದ ಮೇಲೇ ಹೂವು ಬರ್ತಿರೋದು."