ಮಾವನವರಿಗೆ ಬಿಲಾಯ್ತಿ ಊಟ ಮಾಡಿಸಿದ್ದು

ಎಪ್ಪತ್ತರ ದಶಕದಲ್ಲಿ ನಾನು ಸಿಂದಗಿಯ ಹೈಸ್ಕೂಲಿನಲ್ಲಿ ಇಂಗ್ಲಿಷ್ ಮಾಸ್ತರ. ಆಗ ಇಂಗ್ಲಿಷ್ ಮಾಸ್ತರ ಅಂದರೆ ಅರ್ಧ ಸಾಹೇಬ! ಆದರೆ ನನ್ನ ಮಾವನವರು ಮಾತ್ರ ಅದನ್ನು ನಂಬಿರಲಿಲ್ಲ. ಹೂವಿನ ಹಿಪ್ಪರಗಿಯ ರೈತರು, ಕೊರಳಲ್ಲಿ ಲಿಂಗ, ಮೊಟ್ಟೆ ಕಂಡರೂ ದಾರಿ ಬದಲಿಸುವವರು. ಹೊಲ ಇಲ್ಲದವನಿಗೆ ಮಗಳನ್ನು ಕೊಟ್ಟೆನಲ್ಲ ಎಂದು ಮದುವೆಯಾದಂದಿನಿಂದ ಕೊರಗುತ್ತಿದ್ದರು.

ಆ ಬೇಸಿಗೆ ಅವರನ್ನೂ ಹೆಂಡತಿ ಶಾಂತಾಳನ್ನೂ ಮಹಾಬಳೇಶ್ವರಕ್ಕೆ ಕರೆದೊಯ್ದೆ. ಅಲ್ಲೊಬ್ಬ ಮುದುಕಿ ಮೇಡಂ ತಮ್ಮ ಹಳೆಯ ಬಂಗಲೆಯನ್ನೇ ಹೋಟೆಲ್ ಮಾಡಿ, ಅಪ್ಪಟ ಬಿಲಾಯ್ತಿ, ಅಂದರೆ ಇಂಗ್ಲೆಂಡಿನ ಅಡುಗೆ ಬಡಿಸುತ್ತಿದ್ದರು. ಅಳಿಯನ ಯೋಗ್ಯತೆ ತೋರಿಸಲು ಇದಕ್ಕಿಂತ ಒಳ್ಳೆಯ ಜಾಗ ಬೇಕೆ?

ವೇಟರ್ ಮರಾಠಿಯಲ್ಲಿ ಮಾತು ತೆಗೆದ. ಮರಾಠಿ ನಮಗೆ ಮೂವರಿಗೂ ಬರುತ್ತಿತ್ತು. ನಾನು ಕೈ ಎತ್ತಿ ತಡೆದೆ. "ಇಂಗ್ಲಿಷ್, ಪ್ಲೀಸ್!"

ಮೆನು ಓದಿ ಅನುವಾದ ಶುರು ಮಾಡಿದೆ. "ಟೋಡ್ ಇನ್ ದಿ ಹೋಲ್... ತೂತಿನ್ಯಾಗಿನ ಕಪ್ಪಿ."

"ಶಿವಶಿವಾ!" ಮಾವನವರು ಕುರ್ಚಿಯ ಮೇಲೆ ಕಾಲು ಎತ್ತಿಕೊಂಡರು.

"ಗಾಬರಿ ಆಗಬ್ಯಾಡ್ರಿ. ಶೆಫರ್ಡ್ಸ್ ಪೈ ಐತಿ. ಅಂದ್ರ ಕುರುಬರ ಕಡಬು!"

"ಹಂಗಾರ ಅದ ಇರ್ಲಿ. ಕುರುಬರು ನಮ್ಮ ಹೊಲದಾಗ ರೊಟ್ಟಿ, ಮಜ್ಜಿಗಿ ಉಣ್ಣೂದು ನೋಡೇನಿ."

ಮೂರು ಹೇಳಿದೆ. ವೇಟರ್ ಸಂಶಯದಿಂದ ಮಾವನವರ ಕೊರಳಿನ ಲಿಂಗದ ಕರಡಿಗೆಯನ್ನು ನೋಡಿ, ಬಗ್ಗಿ ಕೇಳಿದ: "ಲ್ಯಾಂಬ್, ಸರ್?"

ಹೊರಗೆ ಮಂಜು, ಒಳಗೆ ಮಬ್ಬು. ದೀಪ ಬೇಕೇ ಎಂದು ಕೇಳುತ್ತಿದ್ದಾನೆ, ಎಂಥಾ ಸೌಜನ್ಯ! "ಯಸ್, ಯಸ್! ದೊಡ್ಡದೇ ತಾ!"

ಕಡಬು ಬಂತು. ಮೇಲೆ ಆಲೂಗಡ್ಡೆ, ಬಂಗಾರದ ಬಣ್ಣ. ದೀಪ ಮಾತ್ರ ಇಲ್ಲ.

"ಲ್ಯಾಂಪ್ ಎಲ್ಲಿ?" ಗದರಿಸಿದೆ.

"ಒಳಗೇ ಇದೆ, ಸರ್!"

ಕಡಬಿನೊಳಗೆ ದೀಪ! ನಾನು ಚಮಚದಿಂದ ಅಗೆದು ಹುಡುಕತೊಡಗಿದೆ. ಶಾಂತಾ ಮೂಗು ಅರಳಿಸಿದವಳೇ ಅಪ್ಪನ ಕೈಯಿಂದ ಚಮಚ ಕಸಿದುಕೊಂಡಳು.

"ಅಪ್ಪಾ, ಮುಟ್ಟಬ್ಯಾಡ! ಇದರಾಗ ಕುರಿ ಐತಿ!"

ಆಗ ಹೊಳೆಯಿತು: ಲ್ಯಾಂಪ್ ಅಲ್ಲ, ಲ್ಯಾಂಬ್. ಕುರಿಮರಿ. ಅದೂ ದೊಡ್ಡದೇ!

ಗದ್ದಲ ಕೇಳಿ ಮೇಡಂ ಓಡಿಬಂದರು. "ಕ್ಷಮಿಸಿ, ವೆಲ್ಷ್ ರ‍್ಯಾಬಿಟ್ ಕಳಿಸುತ್ತೇನೆ. ಶುದ್ಧ ಶಾಕಾಹಾರ."

ರ‍್ಯಾಬಿಟ್ ಅಂದರೆ ಮೊಲ! ಎದ್ದು ನಿಂತೆ. ಮೊಲವು ಪ್ರಾಣಿವರ್ಗಕ್ಕೆ ಸೇರುತ್ತದೆ ಎಂಬ ವಿಷಯದ ಮೇಲೆ ಇಂಗ್ಲಿಷಿನಲ್ಲಿ ಘನವಾದ ಭಾಷಣ ಮಾಡಿದೆ. ಇಡೀ ಹೋಟೆಲು ಊಟ ಬಿಟ್ಟು ಕೇಳಿತು. ಭಾಷಣ ಮುಗಿಯುವಷ್ಟರಲ್ಲಿ ಮೊಲ ಬಂತು. ಬ್ರೆಡ್ಡಿನ ಮೇಲೆ ಕರಗಿದ ಚೀಸು!

ಜೊತೆಗೆ ಬೇಯಿಸಿದ ಕೋಸು, ಬೇಯಿಸಿದ ಬಟಾಣಿ. ಉಪ್ಪಿಲ್ಲ, ಖಾರವಿಲ್ಲ. ಮಾವನವರು ಬಹಳ ಹೊತ್ತು ಅಗಿದು ಕೇಳಿದರು:

"ಇದನ್ನ ತಿಂದಕೋಂತ ಇಂಗ್ರೇಜರು ನಮ್ಮನ್ನ ಆಳಿದ್ರೇನು?"

"ಹೌದ್ರಿ."

"ಪಾಪ! ಊರಿಗೆ ಹೋದ್ದು ಛಲೋ ಆತು ಬಿಡು."

ಶಾಂತಾ ನಗು ತಡೆಯಲಾರದೆ ಬಟಾಣಿಯನ್ನು ಮೇಜಿನ ತುಂಬಾ ಸಿಡಿಸಿದಳು. ಮೇಡಮ್ಮೂ ನಕ್ಕರು, ವೇಟರನೂ ನಕ್ಕ. ಕೊನೆಗೆ ನಾನೂ ನಗಬೇಕಾಯಿತು.

ಮರುದಿನ ಸೊಲ್ಲಾಪುರದ ಬಸ್ ಸ್ಟ್ಯಾಂಡಿನಲ್ಲಿ ನಮ್ಮ ಕಡೆಯ ಬಸ್ಸು ನಿಂತಿತ್ತು. ಬೋರ್ಡು ಓದಿ, "ಸಿಂದಗಿ ಬಸ್ ಐತ್ರಿ, ಹತ್ತರಿ" ಅಂದೆ.

ಮಾವನವರು ಹತ್ತಲಿಲ್ಲ. ನೆಟ್ಟಗೆ ಕಂಡಕ್ಟರನ ಹತ್ತಿರ ಹೋದರು. "ಏ ತಮ್ಮಾ, ಇದು ಖರೇನ ಸಿಂದಗಿಗೆ ಹೊಂಟೈತೇನು?"

ಬೋರ್ಡು ಕನ್ನಡದಲ್ಲಿತ್ತು!